ಅತ್ತಿಗೆಯ ಹೆಸರಿನಲ್ಲಿ ಹೋದ ಬೆರಳುಗಳು

ನನ್ನ ಬಲಗೈಯಲ್ಲಿ ಹೆಬ್ಬೆರಳಿನ ಪಕ್ಕದ ಎರಡು ಬೆರಳುಗಳಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಹೋದವು. ಹೋದದ್ದು ನನ್ನವೇ ಎಂದು ಸರಕಾರಕ್ಕೆ ನಂಬಿಸಲು ಹನ್ನೊಂದು ತಿಂಗಳು ಹಿಡಿಯಿತು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಎಲ್ಲೂರಿನಲ್ಲಿ. ಅಣ್ಣ ಬೊಂಬಾಯಿಯ ಹೊಟೇಲಿನಲ್ಲಿದ್ದ. ಅವನ ಮನಿಯಾರ್ಡರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಕಾಪುವಿನ ಆಚೆಯ ಕಾರ್ಖಾನೆಯಲ್ಲಿ ಅತ್ತಿಗೆ ದುಡಿದು ತರುತ್ತಿದ್ದ ಸಂಬಳದಿಂದ. ಅವಳಿಗೆ ಹೆರಿಗೆಯಾಯಿತು. ರಜೆ ಕೇಳಿದರೆ ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಆಮೇಲೆ ಗೇಟಿನೊಳಗೆ ಬಿಡುವುದಿಲ್ಲ. ಅದಕ್ಕೆ ಅಲ್ಲಿನ ಹೆಂಗಸರೆಲ್ಲ ಮಾಡುತ್ತಿದ್ದ ಉಪಾಯ ಒಂದಿತ್ತು. ಮನೆಯ ಇನ್ನೊಬ್ಬಳನ್ನು ಬದಲಿಗೆ ಕಳಿಸುವುದು, ಅವಳು ಇವಳ ಹೆಸರಿನಲ್ಲೇ ದುಡಿಯುವುದು. ಮೇಸ್ತ್ರಿಗೆ ಒಂದು ಡಜನ್ ಊರ ಕೋಳಿಯ ಮೊಟ್ಟೆ ಮುಟ್ಟಿತು. ಮರುದಿನದಿಂದ ನಾನು ಅತ್ತಿಗೆಯಾದೆ.

ಕೆಲಸದ ಬಗ್ಗೆ ನನ್ನದೇನೂ ತಕರಾರಿರಲಿಲ್ಲ. ಸಿಟ್ಟು ಬರುತ್ತಿದ್ದದ್ದು ಶನಿವಾರ, ಸಂಬಳದ ಬಟವಾಡೆಯ ಹೊತ್ತಿಗೆ. ಅತ್ತಿಗೆಗೆ ಓದುಬರಹ ಇಲ್ಲ, ಪುಸ್ತಕದಲ್ಲಿ ಅವಳದ್ದು ಎಡಗೈ ಹೆಬ್ಬೆಟ್ಟು. ಹಾಗಾಗಿ ನಾನೂ ಹೆಬ್ಬೆಟ್ಟೇ ಒತ್ತಬೇಕು. ಏಳನೇ ಕ್ಲಾಸು ಪಾಸಾದವಳು ನಾನು, ದುಂಡು ಅಕ್ಷರಕ್ಕೆ ಶಾಲೆಯಲ್ಲಿ ಬಹುಮಾನ ತೆಗೆದುಕೊಂಡವಳು. ಗುಮಾಸ್ತ ಶಾಯಿಯ ಪ್ಯಾಡನ್ನು ಮುಂದೆ ತಳ್ಳಿ "ಒತ್ತು" ಎನ್ನುವಾಗ ಆ ಶಾಯಿಯನ್ನು ಅವನ ಬಿಳಿ ಅಂಗಿಗೇ ಒರೆಸಬೇಕು ಅನ್ನಿಸುತ್ತಿತ್ತು.

ನನ್ನ ಕೆಲಸ ಹದ ಮಾಡಿದ ಮಣ್ಣನ್ನು ಅಚ್ಚಿನ ಮೇಲೆ ಇಡುವುದು. ಇಟ್ಟು ಕೈ ತೆಗೆದ ಕೂಡಲೇ ಮೇಲಿನ ಅಚ್ಚು ಇಳಿದು ಒತ್ತುತ್ತದೆ. ಹದಿನಾಲ್ಕನೇ ವಾರ ಒಂದು ದಿನ ಕೈ ತೆಗೆಯುವ ಮೊದಲೇ ಅದು ಇಳಿಯಿತು. ಯಾರೋ ಲಾರಿಯಲ್ಲಿ ಕೂರಿಸಿ ಮಣಿಪಾಲದ ಆಸ್ಪತ್ರೆಗೆ ಮುಟ್ಟಿಸಿದರು. ಅಲ್ಲಿ ಹೆಸರು ಕೇಳಿದರು. ಆ ನೋವಿನಲ್ಲಿ ಯಾರಿಗೆ ಉಪಾಯ ನೆನಪಿರುತ್ತದೆ? ನನ್ನ ಹೆಸರನ್ನೇ ಹೇಳಿಬಿಟ್ಟೆ.

ಗಾಯ ಮಾಗಿದ ಮೇಲೆ ಕಾರ್ಖಾನೆಗೆ ಹೋಗಿ ಕೂಲಿ ತಪ್ಪಿದ ದಿನಗಳ ಹಣ, ಬೆರಳಿನ ಪರಿಹಾರ ಎರಡನ್ನೂ ಕೇಳಿದೆ. ಮೊಟ್ಟೆ ತಿಂದ ಅದೇ ಮೇಸ್ತ್ರಿ ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದ.

"ಎಂತ ಪರಿಹಾರ ಮಾರಾಯ್ತಿ? ನಿನ್ನ ಹೆಸರು ನಮ್ಮ ಪುಸ್ತಕದಲ್ಲಿ ಎಲ್ಲಿ ಉಂಟು?"

ಕಾರ್ಖಾನೆಯ ಮಾಲೀಕರು, ಧನಿಗಳನ್ನೇ ಕೇಳು ಎಂದ. ಧನಿಗಳು ಕಾರ್ಕಳದಲ್ಲಿ. ಕಾರ್ಕಳಕ್ಕೆ ಹೋದರೆ ಅವರು ಉಡುಪಿಗೆ ಹೋಗಿದ್ದರು. ಎರಡನೇ ಸಲ ಹೋದರೆ ಮಲಗಿದ್ದರು. ಮೂರನೇ ಸಲ ನಾಯಿ ಬಿಟ್ಟಿದ್ದರು. ಕೊನೆಗೆ ಉಡುಪಿಯ ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದೆ. ಅಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ, ಬದಲಿಯ ವಿಷಯವನ್ನೂ ಹೇಳಿದೆ. ಅಲ್ಲಿಯ ಗುಮಾಸ್ತರು ಎಲೆ ಅಡಿಕೆ ಹಾಕಿಕೊಂಡು ಯೋಚನೆ ಮಾಡಿದರು.

"ನೋಡಿ, ಬೆರಳು ಹೋದವರು ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಇರುವವರಿಗೆ ಬೆರಳು ಹೋಗಲಿಲ್ಲ. ನಾವು ಎಂತ ಮಾಡುವುದು?"

ಪ್ರತಿ ತಿಂಗಳೂ ಹೋಗುತ್ತಿದ್ದೆ. ಸಾಹೇಬರಿದ್ದರೆ ಫೈಲು ಇಲ್ಲ, ಫೈಲು ಇದ್ದರೆ ಸಾಹೇಬರಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಆ ಬೆಂಚಿನ ಮೇಲೆ ಕೂತೇ ಕಲಿತೆ. ಕೊನೆಗೊಮ್ಮೆ ವಿಚಾರಣೆಗೆ ದಿನ ಗೊತ್ತಾಯಿತು. ಆ ದಿನ ಯಂತ್ರದ ಮುಂದೆ ಇದ್ದದ್ದು ನಾನು, ಅತ್ತಿಗೆಯಲ್ಲ ಎಂದು ಹೇಳುವ ಸಾಕ್ಷಿ ಬೇಕೆಂದರು.

ಕಾರ್ಖಾನೆಯ ಹೆಂಗಸರು ಯಾರೂ ಬಾಯಿ ಬಿಡಲಾರರು. ಉಳಿದವಳು ಅತ್ತಿಗೆ ಒಬ್ಬಳೇ. ಅವಳು ಅಪಘಾತದ ಮರುವಾರವೇ ಕೆಲಸಕ್ಕೆ ಹೋಗಿದ್ದಳು. ನಾನು ಮೂರು ಬೆರಳಿನ ಕೈಯಲ್ಲಿ ಅವಳ ಮಗುವನ್ನು ಎತ್ತಿ ಆಡಿಸುತ್ತಿದ್ದೆ. ಅವಳು ಬಾಯಿ ಬಿಟ್ಟರೆ ಆ ಕೆಲಸ ಹೋಗುತ್ತದೆ, ನಾವೆಲ್ಲ ಉಣ್ಣುವುದು ಅದರಲ್ಲೇ. ನಾನು ಹೇಗೆ ಕೇಳಲಿ? ಅಷ್ಟರಲ್ಲಿ ಅಣ್ಣನ ಕಾಗದ ಬಂತು. ಅತ್ತಿಗೆಗೆ ಅದನ್ನು ಓದಿ ಹೇಳಬೇಕಾದವಳೂ ನಾನೇ. "ಹೋದ ಬೆರಳು ಬರುವುದಿಲ್ಲ, ಇರುವ ಕೆಲಸ ಕಳೆದುಕೊಳ್ಳಬೇಡಿ." ಆ ಸಾಲು ನಾಲಿಗೆಯ ತುದಿಗೆ ಬಂದಾಗ ನುಂಗಿಬಿಡೋಣ ಅನ್ನಿಸಿತು. ಆದರೂ ಓದಿದೆ. ಅತ್ತಿಗೆ ಎದ್ದು ಒಲೆಯ ಮುಂದಕ್ಕೆ ಹೋದಳು.

ವಿಚಾರಣೆಯ ದಿನ ನಾನು ಬಸ್ಸಿಗೆ ನಿಂತಿದ್ದಾಗ ಅವಳು ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಕೆಲಸಕ್ಕೆ ಹೋಗಲಿಲ್ಲವಾ?"

"ಇಲ್ಲ. ಟಿಕೇಟಿಗೆ ಚಿಲ್ಲರೆ ಉಂಟಲ್ಲ ನಿನ್ನಲ್ಲಿ?"

ಕಚೇರಿಯಲ್ಲಿ ಅತ್ತಿಗೆ ಮಗುವನ್ನು ನನಗೆ ಕೊಟ್ಟು, ಸಾಹೇಬರ ಮೇಜಿನ ಮೇಲೆ ಎರಡೂ ಕೈಗಳನ್ನು ಚಾಚಿ ಇಟ್ಟಳು. "ಹತ್ತೂ ಉಂಟು ನೋಡಿ. ಆ ಮೂರು ತಿಂಗಳು ನಾನು ಮನೆಯಲ್ಲಿ ಬಾಣಂತಿ. ದುಡಿದದ್ದು ಇವಳು." ನಾದಿನಿಗಾಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಕಾರ್ಖಾನೆಯ ವಕೀಲರು ಎದ್ದು ನಿಂತರು. ಅತ್ತಿಗೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಎಡಗೈಯ ಹೆಬ್ಬೆರಳನ್ನು ಸಾಹೇಬರ ಮುಂದೆ ಹಿಡಿದಳು. ಹಿಂದೊಮ್ಮೆ ಮೀನು ಕೊಯ್ಯುವಾಗ ಕತ್ತಿ ತಾಗಿ ಅದರ ಮೇಲೆ ಅಡ್ಡಕ್ಕೆ ಆಳವಾದ ಗಾಯದ ಗುರುತು ಉಳಿದಿತ್ತು. "ನಾನು ಒತ್ತಿದರೆ ಈ ಗೆರೆ ಬೀಳುತ್ತದೆ. ಪುಸ್ತಕ ತೆರೆದು ನೋಡಿ, ಆ ತಿಂಗಳುಗಳಲ್ಲಿ ಗೆರೆ ಉಂಟಾ?"

ಸಾಹೇಬರು ಕಾರ್ಖಾನೆಯವರು ತಂದಿದ್ದ ಪುಸ್ತಕದ ಹಾಳೆ ಮಗುಚುತ್ತಾ ಹೋದರು. ಮೊದಲಿನ ಹೆಬ್ಬೆಟ್ಟುಗಳಲ್ಲೆಲ್ಲ ನಡುವೆ ಬಿಳಿ ಗೆರೆ. ಹದಿಮೂರು ವಾರ ಗೆರೆಯಿಲ್ಲ. ಆಮೇಲೆ ಮತ್ತೆ ಗೆರೆ. ನನ್ನ ಹೆಬ್ಬೆಟ್ಟನ್ನೂ ಒತ್ತಿಸಿ ಪಕ್ಕದಲ್ಲಿಟ್ಟು ನೋಡಿದರು. ಇಷ್ಟು ದೊಡ್ಡ ಗೆರೆ ಅಷ್ಟು ಜನ ಓದುಬರಹದವರ ಕಣ್ಣಿಗೆ ಬಿದ್ದಿರಲಿಲ್ಲ ನೋಡಿ!

ಕಾರ್ಖಾನೆಯವರು ಹಣ ಕೊಡಬೇಕೆಂದು ತೀರ್ಪಾಯಿತು. ಮರುದಿನ ಬೆಳಿಗ್ಗೆ ಅತ್ತಿಗೆಯನ್ನು ಗೇಟಿನಲ್ಲೇ ತಡೆದರು. ತಡೆದವನು ಆ ಮೇಸ್ತ್ರಿಯೇ. ಅವಳು ಬುತ್ತಿಯನ್ನು ಹಾಗೆಯೇ ವಾಪಸು ತಂದು ನನ್ನ ಮುಂದಿಟ್ಟು, "ತಿನ್ನು, ಹಳಸುತ್ತದೆ" ಎಂದಳು. ನನಗೆ ಅಳು ಬಂತು. ಅವಳಿಗೆ ಅದಕ್ಕೂ ಸಿಟ್ಟು ಬಂತು.

ಹಣ ತರಲು ಉಡುಪಿಯ ಕಚೇರಿಗೆ ಹೋದ ದಿನವೂ ಅವಳು ಜೊತೆಗೆ ಬಂದಳು. ಗುಮಾಸ್ತರು ರಶೀದಿಯನ್ನು ಮುಂದಿಟ್ಟು, ಅಭ್ಯಾಸದಂತೆ ಶಾಯಿಯ ಪ್ಯಾಡನ್ನು ನನ್ನ ಕಡೆಗೆ ತಳ್ಳಿದರು. ನಾನು ಪೆನ್ನು ಕೇಳಿದೆ. ಬಲಗೈಯಲ್ಲಿ ಅದು ನಿಲ್ಲಲಿಲ್ಲ, ಎರಡು ಸಲ ಜಾರಿ ಬಿತ್ತು. ಎಡಗೈಗೆ ತೆಗೆದುಕೊಂಡೆ. ಮೊದಲನೇ ಅಕ್ಷರ ಬರೆಯುವಷ್ಟರಲ್ಲಿ ಕಾಗದವೇ ಓಡಿಹೋಗುತ್ತಿತ್ತು.

"ಹೆಬ್ಬೆಟ್ಟು ಒತ್ತಿ ಮಾರಾಯ್ತಿ, ಒಂದು ನಿಮಿಷದ ಕೆಲಸ. ಊಟದ ಹೊತ್ತಾಯಿತು."

ಅತ್ತಿಗೆ ಮಗುವನ್ನು ಎತ್ತಿ ಅವರ ಮೇಜಿನ ಮೇಲೆ, ಫೈಲುಗಳ ನಡುವೆ ಕೂರಿಸಿದಳು. ಆಮೇಲೆ ಕಾಗದದ ಎರಡೂ ತುದಿಗಳನ್ನು ಹತ್ತೂ ಬೆರಳಿನಿಂದ ಒತ್ತಿ ಹಿಡಿದಳು.

"ಅವಳಿಗೆ ಬರೆಯಲಿಕ್ಕೆ ಬರುತ್ತದೆ. ನಾವು ಹನ್ನೊಂದು ತಿಂಗಳು ಕಾದಿದ್ದೇವೆ, ನೀವು ಸ್ವಲ್ಪ ಕಾಯಿರಿ."