ಹಾರ ಹಾರಿದ ದೂರ

ಇದು ಕಟ್ಟುಕಥೆಯಲ್ಲ, ಕಟ್ಟುವವರ ಕಥೆ. ನೂರಕ್ಕೆ ನೂರು ನಿಜ. ಬಾಡದಿರಲೆಂದು ಒಂದಿಷ್ಟು ನೀರು ಚಿಮುಕಿಸಿದ್ದೇವೆ, ಅಷ್ಟೆ.

ದೇವನಹಳ್ಳಿ ಹಳೆ ಬಸ್ ನಿಲ್ದಾಣದ ಬಳಿ ಇನ್ನೂ ಬೆಳಕು ಹರಿದಿಲ್ಲ. ನಲ್ಲೂರಿನಿಂದ ಮೊದಲ ಬಸ್ಸಿಗೇ ಬಂದ ರಾಮಾಂಜಿನಪ್ಪ ಒಂದು ಕಾಲು ಚಾಚಿ, ಹೆಬ್ಬೆರಳಿಗೆ ಬಾಳೆನಾರು ಸಿಕ್ಕಿಸಿ ಹೂ ಕಟ್ಟುತ್ತಿದ್ದಾರೆ. ದಿನಕ್ಕೆ ಎಂಬತ್ತು ಮಾರು ಮಲ್ಲಿಗೆ. ಲಗ್ನದ ದಿನಗಳಲ್ಲಿ ಅದರ ಮೇಲೆ ಮದುವೆ ಹಾರಗಳು. ಕೂತೂ ಕೂತೂ ಸೊಂಟ ಹಿಡಿದಿದೆ, ನಾರು ಉಜ್ಜಿ ಉಜ್ಜಿ ಉಗುರಲ್ಲಿ ಗೀರು ಬಿದ್ದಿದೆ. ಸುತ್ತಲಿನ ಊರುಗಳ ಮದುವೆ ಫೋಟೋಗಳಲ್ಲಿ ಎಲ್ಲರೂ ಇದ್ದಾರೆ, ಇವರೊಬ್ಬರಿಲ್ಲ. ಕೇಳಿದರೆ, "ನಾನ್ಯಾಕ್ ಸ್ವಾಮಿ, ನನ್ ಹಾರ ಐತಲ್ಲ" ಎನ್ನುತ್ತಾರೆ.

ಊರಿಗೆಲ್ಲ ಹೂ ಕೊಡುವ ಇವರ ಕಿವಿಗೇ ಹೂವಿಟ್ಟವನು ಪಕ್ಕದ ಸ್ಟ್ಯಾಂಡಿನ ಟ್ಯಾಕ್ಸಿ ಚಾಲಕ ಮುನಿರಾಜ್.

ಹೋದ ವೈಶಾಖದಲ್ಲಿ ಬೂದಿಗೆರೆಯ ಶಶಿರೇಖಾ ಮಗಳು ಅರ್ಪಿತಾಳ ಮದುವೆಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದರು. ತಮ್ಮ ಮದುವೆಗೆ ಕಟ್ಟಿದ ಕೈಯೇ ಮಗಳಿಗೂ ಗುಲಾಬಿ ಹಾರ ಕಟ್ಟಬೇಕೆಂಬುದು ಅವರ ಹಟ. ಎಷ್ಟು ಹೊತ್ತಿನ ಹಾದಿ ಎಂದು ತಿಳಿಯದೆ ರಾಮಾಂಜಿನಪ್ಪ ಹೂ ಆರಿಸುವುದಿಲ್ಲ. ಮುನಿರಾಜನನ್ನು ಕೇಳಿದರು. ಅವನು ಮೊಬೈಲು ತೆಗೆದು, ಪೈಲಟ್ ಗಂಟಲಲ್ಲಿ ಘೋಷಿಸಿದ:

"ಮಧ್ಯಾಹ್ನ ಎರಡಕ್ಕೆ ಇಲ್ಲಿ ಬಿಡ್ತದೆ, ಅವತ್ತೇ ಸಂಜೆ ಆರೂವರೆಗೆ ಅಮೆರಿಕ. ಬರೀ ನಾಲ್ಕೂವರೆ ಗಂಟೆ ಕಣಣ್ಣೋ."

"ವಾಪಸ್ ಬರಕ್ಕೆ ಒಂದೂಕಾಲು ದಿನ ಅಂತ ತೋರಿಸ್ತಾ ಐತಲ್ಲಲಾ?"

"ಹೋಗೋವಾಗ ಇಳಿಜಾರು, ಬರೋವಾಗ ಏರು. ನಂದಿಬೆಟ್ಟ ಇಳಿದಂಗೆ ಹತ್ತಕ್ಕಾಯ್ತದಾ?"

ನಂದಿಬೆಟ್ಟವನ್ನು ದಿನಾ ಕಣ್ಣೆದುರು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ? ರಾಮಾಂಜಿನಪ್ಪ ಚೆನ್ನಾಗಿ ಅರಳಿದ ಗುಲಾಬಿಗಳನ್ನೇ ಆರಿಸಿ ಕಟ್ಟಿದರು.

ಹೊರಡುವ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಾರ ಒಯ್ಯಲು ಬಂದ ಶಶಿರೇಖಾ ಈ ಲೆಕ್ಕ ಕೇಳಿ ಗಾಬರಿಯಾದರು. "ಆರೂವರೆ ಅನ್ನೋದು ಅಲ್ಲಿನ ಗಡಿಯಾರ ರಾಮಾಂಜಿನಪ್ಪ, ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಹದಿನಾಲ್ಕು ಸಾವಿರ ಕಿಲೋಮೀಟರು, ಹದಿನೇಳು ಗಂಟೆ ಹಾರಬೇಕು. ಮದುವೆ ಅದರ ಮಾರನೆ ದಿನ."

ಅರಳಿದ ಹೂ ಅಷ್ಟು ತಡೆಯುವುದಿಲ್ಲ. ಕೈಯಲ್ಲಿದ್ದದ್ದು ಒಂದೇ ಗಂಟೆ. ರಾಮಾಂಜಿನಪ್ಪ ಕಟ್ಟಿದ್ದನ್ನು ಬಿಚ್ಚಿ ಪಕ್ಕಕ್ಕಿಟ್ಟರು. ನಾಳೆಗೆಂದು ಎತ್ತಿಟ್ಟಿದ್ದ ಬಿಗಿ ಮೊಗ್ಗುಗಳ ಬುಟ್ಟಿ ಸುರಿದರು. ಪೆಚ್ಚಾಗಿ ನಿಂತಿದ್ದವನ ಕಡೆ ನೋಡಿ, "ಕುತ್ಕಳಲಾ ಪೈಲಟ್ಟು, ಮುಳ್ಳು ತೆಗಿ" ಎಂದರು. ಮುನಿರಾಜನ ಬೆರಳೆಲ್ಲ ರಕ್ತ. ಹಾರ ಒದ್ದೆ ಬಾಳೆಎಲೆಯೊಳಗೆ ಸುತ್ತಿಕೊಂಡು ಹೊತ್ತಿಗೆ ಸರಿಯಾಗಿ ಹೊರಟಿತು.

ಮೂರನೆಯ ದಿನ ಮುನಿರಾಜನ ಮೊಬೈಲಿಗೇ ಶಶಿರೇಖಾರ ವಿಡಿಯೋ ಕರೆ ಬಂತು. ಧಾರೆಯ ಮಂಟಪದಲ್ಲಿ ಅರ್ಪಿತಾಳ ಕೊರಳಲ್ಲಿ ಮೊಗ್ಗುಗಳು ಆಗಷ್ಟೇ ಬಾಯಿ ಬಿಡುತ್ತಿದ್ದವು. ರಾಮಾಂಜಿನಪ್ಪ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಮೊಗ್ಗು ನೋಡಿದರು.

ಮುನಿರಾಜ ತಲೆ ತಗ್ಗಿಸಿದ. "ತಪ್ಪಾಯ್ತಣ್ಣ. ತಮಾಷೆಗೆ ಅಂದೆ, ನೀನು ನಂಬ್ಬಿಡೋದಾ?"

"ನಂಬಿ ಕಳಿಸಿದ್ರೆ ಹೆಣ್ಣಿನ ಕೊರಳಿಗೆ ಸೊಪ್ಪು ಬೀಳ್ತಿತ್ತು ಕಣ್ಲಾ. ಹೋಗ್ಲಿ ಬಿಡು. ನೀನು ಹೊಸಕೋಟೆ ಅಂದ್ರೆ ದೂರ ಅಂತೀಯ, ನನ್ ಹಾರ ಅಮೆರಿಕ ಮುಟ್ಟೈತೆ."

ಸಾಲಂಗಡಿಯವರೆಲ್ಲ ನಕ್ಕರು, ಮುನಿರಾಜನೂ ನಕ್ಕ. ಎಲ್ಲರಿಗಿಂತ ಜೋರಾಗಿ, ಹಿಡಿದ ಸೊಂಟವನ್ನು ಒತ್ತಿಕೊಂಡು ನಕ್ಕವರು ಮಾತ್ರ ರಾಮಾಂಜಿನಪ್ಪ.