ಪತ್ತೇದಾರನ ಕೆಂಪು ಮೊಹರು

ಅಂಗಡಿಯ ಯಜಮಾನನಿಗೆ ಗಿರಾಕಿಗಳು ಇಟ್ಟ ಹೆಸರು ಪತ್ತೇದಾರ. ಗಿಟಾರು, ಕೀಬೋರ್ಡು, ಆಂಪ್ಲಿಫೈಯರು, ಏನೇ ಕೆಟ್ಟು ಬರಲಿ, ಅವನು ಮೊದಲು ನೋಡುತ್ತಿದ್ದದ್ದು ತಂದವರ ಮುಖವನ್ನು. "ಕೆಳಗೆ ಬೀಳಿಸಿದ್ರಾ?" ಅನ್ನುವುದೇ ಅವನ ನಮಸ್ಕಾರ. ಇಲ್ಲ ಅಂದವರನ್ನು ಮೂವತ್ತೊಂದು ವರ್ಷದಲ್ಲಿ ಅವನು ಒಮ್ಮೆಯೂ ನಂಬಿರಲಿಲ್ಲ. ಕೇಬಲ್ ಮೇಲೆ ಅನುಮಾನ, ಗೋಡೆಯ ಪ್ಲಗ್ ಮೇಲೆ ಅನುಮಾನ, ತಲೆಯ ಮೇಲೆ ತನ್ನಷ್ಟಕ್ಕೆ ಉರಿಯುವ ಟ್ಯೂಬ್‌ಲೈಟಿನ ಮೇಲೂ ಅನುಮಾನ. ಒಬ್ಬೊಬ್ಬರನ್ನೇ ವಿಚಾರಿಸಿ, ನಿರಪರಾಧಿಗಳನ್ನು ಬಿಟ್ಟು ಕಳಿಸಿ, ಕೊನೆಗೆ ಉಳಿದವನ ಕೊರಳಪಟ್ಟಿ ಹಿಡಿಯುತ್ತಿದ್ದ. ರಿಪೇರಿಯಾದದ್ದನ್ನು ಒಯ್ಯಲು ಬಂದವರು "ಕಳ್ಳ ಯಾರು ಸಾರ್?" ಎಂದು ಕೇಳಲೇಬೇಕು. ಕೇಳದಿದ್ದರೆ ಅವನ ಮುಖ ಊದಿಕೊಳ್ಳುತ್ತಿತ್ತು.

ತಾನು ಹಾಕಿದ ಪ್ರತಿ ಬೆಸುಗೆಯ ಮೇಲೂ ಅವನು ಒಂದು ಹನಿ ಕೆಂಪು ಉಗುರುಬಣ್ಣ ಹಚ್ಚುತ್ತಿದ್ದ. ಅದು ಅವನ ಮೊಹರು. ಬೇರೆ ಯಾರಾದರೂ ಒಳಗೆ ಕೈಯಾಡಿಸಿದರೆ ಬಣ್ಣ ಒಡೆದು ಸಾಕ್ಷಿ ಹೇಳುತ್ತದೆ ಅನ್ನುವುದು ಲೆಕ್ಕ. ಹೆಂಡತಿಯಿಂದ ಎಂದೋ ಇಸಿದುಕೊಂಡ ಆ ಶೀಶೆ ಮೇಜಿನ ಡ್ರಾಯರಿನಲ್ಲಿರುತ್ತಿತ್ತು, ಡ್ರಾಯರಿಗೆ ಬೀಗವಿತ್ತು, ಬೀಗದ ಕೈ ಅವನ ಜೇಬು ಬಿಟ್ಟು ಕದಲುತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದವನು ಅವನ ಭಾವಮೈದ, ಹೆಂಡತಿಯ ತಮ್ಮ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮಾತು ಕಡಿಮೆ ಇರುವವರ ಮೇಲೆ ಪತ್ತೇದಾರನಿಗೆ ಮೊದಲಿನಿಂದಲೂ ಒಂದು ಕಣ್ಣು. ಈಚೆಗಂತೂ ಎರಡೂ ಕಣ್ಣು. ಭಾವಮೈದ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬರತೊಡಗಿದ್ದ. ಪತ್ತೇದಾರ ಮೆಟ್ಟಿಲಿಳಿದು ಬರುವಷ್ಟರಲ್ಲಿ ಮೇಜಿನ ಮೇಲಿನದೇನನ್ನೋ ಬಟ್ಟೆಯಿಂದ ಮುಚ್ಚುತ್ತಿದ್ದ. ಒಮ್ಮೆ ಫೋನಿನಲ್ಲಿ ಯಾರಿಗೋ ಪಿಸುಗುಟ್ಟಿದ್ದೂ ಕಿವಿಗೆ ಬಿದ್ದಿತ್ತು. "ಭಾವಂಗೆ ಮಾತ್ರ ಗೊತ್ತಾಗ್ಬಾರ್ದು."

ಆ ಮಾತು ಕೇಳಿದ ದಿನದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅಂಗಡಿಯ ಹೆಸರು ಕೆಡಿಸಿ, ಗಿರಾಕಿಗಳನ್ನು ಎಳೆದುಕೊಂಡು, ಎದುರು ಬೀದಿಯಲ್ಲಿ ಸ್ವಂತ ಬೋರ್ಡು ಹಾಕುವ ಹುನ್ನಾರ ಇದು ಎಂದು ಖಾತ್ರಿ ಮಾಡಿಕೊಂಡ. ಸಾಕ್ಷಿ ಒಂದೇ ಒಂದು ಸಿಗಲಿ, ಸಂಬಂಧ ಗಿಂಬಂಧ ನೋಡದೆ ಹೊರಗೆ ಹಾಕುತ್ತೇನೆ ಎಂದುಕೊಂಡ. ಹೆಂಡತಿ ಜನ್ಮದಲ್ಲಿ ಕ್ಷಮಿಸಲಿಕ್ಕಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು.

ಆ ಸೋಮವಾರ ಬಂದದ್ದು ಹಲ್ಲಿನ ಡಾಕ್ಟರು. ವಾರವೆಲ್ಲ ಹಲ್ಲು ಕೊರೆದು, ರಜಾದಿನ ಗೆಳತಿಯರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವ ಹೆಂಗಸು. ಆರು ವಾರದ ಹಿಂದೆ ಪತ್ತೇದಾರನೇ ಆ ಗಿಟಾರಿನ ವಾಲ್ಯೂಮ್ ಗುಂಡಿ ಬದಲಾಯಿಸಿದ್ದ.

"ಗುಂಯ್ ಅಂತಿದೆ. ನಾನು ನುಡಿಸ್ದೆ ಸುಮ್ನಿದ್ರೂ ಅದು ಸುಮ್ನಿರಲ್ಲ" ಎಂದರು ಡಾಕ್ಟರು.

"ಕೆಳಗೆ ಬೀಳಿಸಿದ್ರಾ?"

"ನೀವು ಹೀಗೆ ಕೇಳ್ತೀರ ಅಂತ ಮಗು ಥರ ಎತ್ಕೊಂಡು ಬಂದಿದೀನಿ. ಸಂಜೆ ಐದಕ್ಕೆ ಬರ್ಲಾ?"

ಅವರು ಹೋದ ಮೇಲೆ ವಿಚಾರಣೆ ಶುರುವಾಯಿತು. ಕೇಬಲ್ ಬದಲಾಯಿಸಿದ, ಸದ್ದು ಹೋಗಲಿಲ್ಲ. ಬೇರೆ ಆಂಪ್ಲಿಫೈಯರಿಗೆ ಸಿಕ್ಕಿಸಿದ, ಹೋಗಲಿಲ್ಲ. ಬೇರೆ ಪ್ಲಗ್ ನೋಡಿದ. ಟ್ಯೂಬ್‌ಲೈಟ್ ಆರಿಸಿ, ಗಿಟಾರನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿದ. ಆಮೇಲೆ ತಂತಿಗಳ ಮೇಲೆ ಅಂಗೈ ಇಟ್ಟ. ಸರಿಯಿರುವ ಗಿಟಾರಾದರೆ ತಂತಿ ಮುಟ್ಟಿದಾಗ ಗುಂಯ್ಗುಡುವುದು ತಗ್ಗಬೇಕು. ಇದು ತಗ್ಗಲಿಲ್ಲ. ವಾಲ್ಯೂಮ್ ಗುಂಡಿಯ ಲೋಹ ಮುಟ್ಟಿದ, ತಟ್ಟನೆ ತಗ್ಗಿತು. ಅಲ್ಲಿಗೆ ಗೊತ್ತಾಯಿತು. ತಂತಿಗಳನ್ನು ಹೊತ್ತ ಲೋಹದ ಬ್ರಿಡ್ಜಿನಿಂದ ವಾಲ್ಯೂಮ್ ಗುಂಡಿಯ ಬೆನ್ನಿಗೆ ಬರುವ ಅರ್ತಿಂಗ್ ತಂತಿ ಬಿಟ್ಟುಕೊಂಡಿದೆ. ಆ ಬೆಸುಗೆ ತನ್ನದು. ತನ್ನ ಬೆಸುಗೆ ತಾನಾಗಿ ಬಿಡುವುದುಂಟೇ? ಯಾರೋ ಬಿಡಿಸಿದ್ದಾರೆ. ಯಾರೋ ಏನು ಬಂತು, ಪಕ್ಕದ ಮೇಜಿನವನೇ.

ಭಾವಮೈದ ಸಾಮಾನು ತರಲು ಹೊರಗೆ ಹೋಗಿದ್ದ. ಪತ್ತೇದಾರ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಬೆಸುಗೆಯ ಮೇಲೆ ಕೆಂಪು ಮೊಹರು ಹಾಗೇ ಇತ್ತು, ಒಂದು ಗೀರೂ ಇಲ್ಲದೆ. ಚಿಮಟದಿಂದ ತಂತಿಯನ್ನು ಮೆಲ್ಲಗೆ ಎಳೆದ. ಬೆಸುಗೆಯ ಉಂಡೆ ಮೊಹರಿನ ಸಮೇತ ಎದ್ದು ಬಂತು.

ಅವನು ಒಂದು ಗಳಿಗೆ ಪೆಚ್ಚಾದ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಿಡಿಸಿ, ಮತ್ತೆ ಅಂಟಿಸಿ, ಕಳ್ಳ ಮೊಹರು ಹಾಕಿರಬೇಕು, ಪಾಪಿ. ಹೋಲಿಸಿ ನೋಡಲು ಗೋಡೆಗೆ ತೂಗುಹಾಕಿದ್ದ ಮೂರು ಗಿಟಾರುಗಳನ್ನು ಇಳಿಸಿದ. ಮೂರೂ ಕಳೆದ ವಾರ ತಾನೇ ರಿಪೇರಿ ಮಾಡಿ, ಗಿರಾಕಿಗಳು ಬರಲೆಂದು ಇಟ್ಟಿದ್ದವು. ಮೊದಲನೆಯದರ ಒಳಗಿದ್ದ ಬಣ್ಣ ಅವನ ಕೆಂಪಲ್ಲ. ಗುಲಾಬಿಯತ್ತ ವಾಲಿದ ಇನ್ನೊಂದು ಕೆಂಪು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ಪತ್ತೇದಾರನಿಗೆ ಮೈಯೆಲ್ಲ ಬಿಸಿಯಾಯಿತು. ಸಿಕ್ಕಿಬಿದ್ದ ಮಗ ಎಂದು ಗಟ್ಟಿಯಾಗಿಯೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಖುಷಿಯಾಗಿತ್ತು.

ಎಷ್ಟು ಕೆಡಿಸಿದ್ದಾನೆಂದು ತಿಳಿಯಲು ಮೂರನ್ನೂ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಒಂದೂ ಗುಂಯ್ ಅನ್ನಲಿಲ್ಲ. ಚಿಮಟದಿಂದ ಜಗ್ಗಿದ, ಬೆಸುಗೆ ಅಲುಗಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ನಯವಾಗಿ ಹರಿದು ಹೊಳೆಯುತ್ತಿದ್ದವು. ಡಾಕ್ಟರ ಗಿಟಾರಿನಿಂದ ಎದ್ದುಬಂದ ಉಂಡೆ ಮಾತ್ರ ಬೂದಿ ಬಣ್ಣಕ್ಕೆ ತಿರುಗಿ, ಒರಟಾಗಿತ್ತು. ಕಾವು ಸಾಕಾಗುವ ಮೊದಲೇ ಬೆಸುಗೆ ಹಾಕುವ ಬಿಸಿ ಕಡ್ಡಿ ತೆಗೆದವನ ಕೆಲಸ. ಕೆಟ್ಟದ್ದರ ಮೇಲೆ ತನ್ನ ಬಣ್ಣ, ಒಳ್ಳೆಯದರ ಮೇಲೆ ಅವನ ಬಣ್ಣ. ಇದು ಎಂಥ ಕಳ್ಳತನ ಎಂದು ಅವನಿಗೆ ತಲೆಬುಡ ಹತ್ತಲಿಲ್ಲ.

ಅಂಗಡಿಯ ಮೇಲೆಯೇ ಮನೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆಯನ್ನು ಅವನತ್ತ ಸರಿಸಿದಳು. ಅವಳ ಬೆರಳುಗಳನ್ನು ನೋಡಿ ಅವನ ಕೈ ಅಲ್ಲೇ ನಿಂತಿತು. ಉಗುರಿನ ಮೇಲೆ ಗುಲಾಬಿಯತ್ತ ವಾಲಿದ ಅದೇ ಕೆಂಪು.

"ಈ ಬಣ್ಣದ ಶೀಶೆ ಎಲ್ಲಿ?"

ಹೆಂಡತಿ ಅವನ ಮುಖ ನೋಡಿದಳು. ಸುಳ್ಳು ಹೇಳಬೇಕೋ ಬೇಡವೋ ಎಂದು ಯೋಚಿಸಿದಂತಿತ್ತು. "ತಮ್ಮಂಗೆ ಕೊಟ್ಟಿದೀನಿ. ಹಳೇದು ನೀವು ಬೀಗ ಹಾಕಿ ಇಟ್ಕೊಂಡಿದೀರಲ್ಲ."

"ಅಂದ್ರೆ ನೀನೂ ಸೇರಿದೀಯ."

"ಸೇರಿದೀನಿ ಕಣ್ರೀ. ನಾಲ್ಕು ತಿಂಗ್ಳಿಂದ ನಿಮ್ಮ ಕೈ ನಡುಗ್ತಿದೆ. ಲೋಟ ಎತ್ತೋವಾಗ ನನಗೆ ಕಾಣ್ಸುತ್ತೆ, ನಿಮಗೆ ಕಾಣ್ಸಲ್ಲ. ಬೆಸುಗೆ ಕೂರ್ತಿಲ್ಲ ಅಂತ ಸೋಲ್ಡರ್ ಮಾರೋರ ಮೇಲೆ ಅನುಮಾನ ಪಟ್ಟು ಮೂರು ಅಂಗಡಿ ಬದಲಾಯಿಸಿದ್ರಿ. ಪಾಪ, ಅವ್ನು ಬೆಳಿಗ್ಗೆ ಬೇಗ ಬಂದು, ನಿಮ್ಮ ಕೆಲ್ಸಾನ ಇನ್ನೊಂದ್ಸಲ ಮಾಡಿ ಇಡ್ತಿದಾನೆ. ಬೆಳಿಗ್ಗೆ ಡಾಕ್ಟ್ರು ಬಂದಿದ್ದು ನೋಡ್ದೆ, ಅವ್ರ ಗಿಟಾರ್ ಕೊಟ್ಟ ವಾರ ತಮ್ಮ ಜ್ವರ ಬಂದು ಮಲಗಿದ್ದ. ಅದೊಂದು ತಪ್ಪಿಹೋಯ್ತು."

"ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ ನನಗೆ."

"ಹೇಳಿದ್ರೆ ಯಾರ ಮೇಲೆ ಅನುಮಾನ ಪಡ್ತಿದ್ರಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಲೋಟ ಎತ್ತಲು ಹೋದವನು ತನ್ನ ಬೆರಳುಗಳನ್ನೇ ನೋಡುತ್ತಾ ಕೂತ. ನಡುಗುತ್ತಿದ್ದವು. ಮೂವತ್ತೊಂದು ವರ್ಷ ಎಲ್ಲರ ಕೈಯನ್ನೂ ಶಂಕಿಸಿದವನು ಈ ಎರಡನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಅವನಿಗೆ ತುಂಬ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಐದು ಗಂಟೆಗೆ ಡಾಕ್ಟರು ಬಂದರು. ಗಿಟಾರು ಬಿಚ್ಚಿದಂತೆಯೇ ಭಾವಮೈದನ ಮೇಜಿನ ಮೇಲಿತ್ತು. ಸಾಮಾನು ತಂದು ಮರಳಿದಾಗ, ಗೋಡೆಯಿಂದಿಳಿದ ಮೂರು ಗಿಟಾರು ನೋಡಿದ ಕೂಡಲೇ ಭಾವಮೈದನಿಗೆ ಎಲ್ಲ ಅರ್ಥವಾಗಿತ್ತು.

"ಕಳ್ಳ ಯಾರು ಸಾರ್?" ಡಾಕ್ಟರು ಮರೆಯದೆ ಕೇಳಿದರು.

"ಕೇಬಲ್, ಡಾಕ್ಟ್ರೇ. ಕೇಬಲ್ ಹೋಗಿತ್ತು" ಎಂದು ಭಾವಮೈದ ತಡಬಡಾಯಿಸಿದ. ಹನ್ನೊಂದು ವರ್ಷದಲ್ಲಿ ಅವನು ಭಾವನಿಗಿಂತ ಮುಂಚೆ ಬಾಯಿ ತೆರೆದದ್ದು ಅದೇ ಮೊದಲು.

"ಪಾಪದ ಕೇಬಲ್ ಮೇಲೆ ಸುಳ್ಳು ಕೇಸ್ ಹಾಕ್ಬೇಡಯ್ಯ" ಎಂದ ಪತ್ತೇದಾರ. ಡಾಕ್ಟರತ್ತ ತಿರುಗಿದ. "ಬೆಸುಗೆ ನಂದು ಡಾಕ್ಟ್ರೇ. ಕೈ ನಡುಗ್ತಿದೆ. ಹತ್ತು ನಿಮಿಷ ಕೂತ್ಕೊಳ್ಳಿ, ಇವ್ನು ಮಾಡ್ಕೊಡ್ತಾನೆ."

ಡಾಕ್ಟರು ನಗಲಿಲ್ಲ. ಅವನ ಕೈಗಳನ್ನು ಒಮ್ಮೆ ನೋಡಿದರು, ಒಬ್ಬ ನರಗಳ ವೈದ್ಯರ ಹೆಸರನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು. ಪತ್ತೇದಾರ ಗಿಟಾರಿನ ಮೈಯನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಭಾವಮೈದ ಗುಂಡಿಯ ಬೆನ್ನನ್ನು ಉಜ್ಜಿ, ಚೆನ್ನಾಗಿ ಕಾಯಿಸಿ, ಸೋಲ್ಡರ್ ತಾನಾಗಿ ಹರಿಯುವವರೆಗೂ ಕಾದು ಕಡ್ಡಿ ತೆಗೆದ. ಆಮೇಲೆ ಮರ್ಯಾದೆಗೆಂದು, ಬೀಗ ಹಾಕಿದ ಡ್ರಾಯರಿನ ಕಡೆ ನೋಡಿ, ಬೀಗದ ಕೈ ಕೊಡಿ ಅನ್ನುವಂತೆ ಕೈ ಚಾಚಿದ.

"ಬೇಡ" ಎಂದ ಪತ್ತೇದಾರ. "ನೀನು ಮಾಡಿದ ಕೆಲ್ಸ. ನಿನ್ನ ಬಣ್ಣಾನೇ ಹಾಕು."

ಭಾವಮೈದ ತಲೆಯೆತ್ತದೆ ಅಂಗಿಯ ಜೇಬಿನಿಂದ ಅಕ್ಕನ ಶೀಶೆ ತೆಗೆದು ಒಂದು ಹನಿ ಇಟ್ಟ. ಅದು ಒಣಗಿದ ಮೇಲೆ ಪತ್ತೇದಾರ ಪ್ಲಗ್ ಸಿಕ್ಕಿಸಿದ, ಟ್ಯೂಬ್‌ಲೈಟನ್ನು ಒಮ್ಮೆ ಆರಿಸಿ ಹಚ್ಚಿದ, ತಂತಿಗಳ ಮೇಲೆ ಅಂಗೈ ಇಟ್ಟು ತೆಗೆದು, ಕಿವಿ ಹಚ್ಚಿ ಕೇಳಿದ. ಎಲ್ಲೂ ಸದ್ದಿರಲಿಲ್ಲ.