ಸೀಟು ಕೇಳಲು ಹೋದ ಕುರಿ ಹಿಂಡು

ದೇವದುರ್ಗದ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿಗೆ ನಾನು ವಾರ್ಡನ್ ಆಗಿದ್ದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಹೆಸರಿಗೆ ವಾರ್ಡನ್. ನನ್ನ ಅರ್ಧ ಆಯುಷ್ಯ ಹೋದದ್ದು ರಾಯಚೂರಿನ ಕಚೇರಿಗಳ ಮೆಟ್ಟಿಲು ಸವೆಸುವುದರಲ್ಲಿ. ಹತ್ತನೆಯ ತರಗತಿ ಮುಗಿಸಿದ ಹುಡುಗಿಯರನ್ನು ಹಾಗೇ ಊರಿಗೆ ಕಳಿಸಿದರೆ ಮುಂದಿನ ಸುದ್ದಿ ಮದುವೆಯ ಲಗ್ನಪತ್ರಿಕೆಯೇ. ಹಾಗಾಗಬಾರದೆಂದರೆ ರಾಯಚೂರಿನಲ್ಲಿ ಎರಡು ಬಾಗಿಲು ತಟ್ಟಬೇಕು. ಒಂದು ಕೆಲಸ ಕಲಿಸುವ ತರಬೇತಿ ಸಂಸ್ಥೆ, ಇನ್ನೊಂದು ಊಟ ವಸತಿ ಕೊಡುವ ಸಮಾಜ ಕಲ್ಯಾಣ ಕಚೇರಿ.

ಸಂಸ್ಥೆಯ ಪ್ರಿನ್ಸಿಪಾಲರು, "ಹುಡುಗಿ ಎಲ್ಲಿ ಇರ್ತಾಳ ಅದನ್ನ ತೋರಿಸ್ರಿ, ಸೀಟು ಕೊಡ್ತೀನಿ" ಎನ್ನುವರು. ಕಲ್ಯಾಣಾಧಿಕಾರಿಗಳು, "ಸೀಟು ಸಿಕ್ಕದ್ದು ತೋರಿಸ್ರಿ, ಹಾಸ್ಟೆಲಿನಾಗ ಜಾಗ ಕೊಡ್ತೀನಿ" ಎನ್ನುವರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಇಬ್ಬರ ಕಚೇರಿಗಳೂ ಒಂದೇ ರಸ್ತೆಯಲ್ಲಿದ್ದವು. ಆದರೂ ಒಬ್ಬರ ಮುಖವನ್ನು ಒಬ್ಬರು ನೋಡಿರಲಿಲ್ಲ.

ಒಂದು ವರ್ಷ ನನ್ನ ಜೀವ ಸಿಕ್ಕಿಕೊಂಡಿದ್ದು ಗಬ್ಬೂರು ಕಡೆಯ ಕುರಿಗಾರರ ಹುಡುಗಿಯೊಬ್ಬಳಲ್ಲಿ. ಕೃಷ್ಣಾ ಕಾಲುವೆಯ ಸರ್ವೆಯವರು ಒಮ್ಮೆ ನಮ್ಮ ಹಾಸ್ಟೆಲಿನ ಎದುರಿನ ಬೇವಿನ ಮರದಡಿ ನಕ್ಷೆ ಹರಡಿದ್ದರು. ಇವಳು ಊಟ ಬಿಟ್ಟು ಅದರ ಮುಂದೆ ನಿಂತಳು. ಅಂದಿನಿಂದ ಅವಳದು ಒಂದೇ ಜಪ, ನಕ್ಷೆ ಬರೆಯುವುದು ಕಲಿಯಬೇಕು. ಅಪ್ಪ ಆಗಲೇ ಗಂಡು ನೋಡಿಟ್ಟಿದ್ದ. ಸೀಟು ಸಿಕ್ಕರೆ ಓದು, ತಪ್ಪಿದರೆ ದೀಪಾವಳಿಯೊಳಗೆ ಮದುವೆ ಎಂದು ಮಾತಾಗಿತ್ತು. ನಾನೇ ಅರ್ಜಿ ಹಾಕಿಸಿದೆ. ಪರೀಕ್ಷೆ ಮುಗಿಸಿ ಅವಳು ಊರಿಗೆ ಹೋದ ಮೇಲೆ ಸಂದರ್ಶನದ ಕರೆ ಹಾಸ್ಟೆಲಿಗೆ ಬಂತು. ತಂದೆಯೇ ಖುದ್ದಾಗಿ ಬಂದು ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ ಎಂದು ಅದರಲ್ಲಿತ್ತು. ನಾನು ಅವಳ ಊರಿಗೆ ಓಡಿದೆ. ಮನೆಗೆ ಬೀಗ. ಕುರಿ ಹೊಡೆದುಕೊಂಡು ಹೋಗಿದ್ದಾರೆ, ಎಲ್ಲಿಗೆಂದು ಗೊತ್ತಿಲ್ಲ ಎಂದರು ನೆರೆಯವರು.

ಹಾಗೆಂದು ಬಿಡುವವಳು ನಾನಲ್ಲ. ಭತ್ತ ನಾಟಿಗೆ ಮುಂಚೆ ಸಿರವಾರ, ಮಾನ್ವಿ ಕಡೆಯ ರೈತರು ರಾತ್ರಿ ಗದ್ದೆಯಲ್ಲಿ ಕುರಿ ಕೂಡಿಸಿಕೊಳ್ಳುತ್ತಾರೆ. ಹಿಕ್ಕೆ ಗದ್ದೆಗೆ ಗೊಬ್ಬರ. ಅದಕ್ಕೆ ಬದಲು ಕುರಿಗಾರರಿಗೆ ಕಾಳು. ತಿಂದು ಮಿಕ್ಕ ಕಾಳು ಸಂತೆಗೆ ಬಂದೇ ಬರಬೇಕು. ಸಿರವಾರದ ಸಂತೆಯ ದಿನ ನಾನು ನೇರವಾಗಿ ಕಾಳಿನ ವ್ಯಾಪಾರಿಯ ಅಂಗಡಿಗೆ ಹೋದೆ. ಸಾಬರು ಚೀಲದ ಮೇಲೆ ಕೂಡಿಸಿ ಚಹಾ ತರಿಸಿದರು.

"ಗಬ್ಬೂರ ಕಡಿ ಮಂದೀನಾ? ಅವರ ಜೋಡಿ ಒಂದು ಪೋರಿ ಅದ. ನಾ ಕಾಳು ಅಳಿಯೂದ್ರಾಗ ನನ್ನ ಚೀಲದ ಮ್ಯಾಲ ಇದ್ದಲಿಲೆ ಇಡೀ ಸಂತೀನ ಬರದಿಟ್ಟಳ. ಬಾಗಲವಾಡದಾಗ ಅದಾರ, ಹೋಗ್ರಿ ಬಾಯಿ."

ಬಾಗಲವಾಡದ ಗದ್ದೆಯಲ್ಲಿ ಹುಡುಗಿ ನನ್ನನ್ನು ನೋಡಿದವಳೇ ಓಡಿ ಬಂದಳು. ಅಪ್ಪ ಕಂಬಳಿ ಹಾಸಿ ಕೂಡಿಸಿದ. ನಾನು ವಿಷಯ ಹೇಳಿದೆ. ಅವನು ಕುರಿಗಳ ಕಡೆಗೇ ನೋಡುತ್ತ ಕೂತ. ಮನಸ್ಸಿಲ್ಲವೇನೋ ಎಂದುಕೊಂಡು ನಾನು ಬಾಯಿಗೆ ಬಂದಂತೆ ಅಂದೆ. ಎಲ್ಲ ಕೇಳಿಸಿಕೊಂಡು ಅವನು ಕೇಳಿದ:

"ಹಿರಿ ಮಗಳ ಬಾಣಂತನಕ್ಕ ನಮ್ಮಾಕಿ ಆ ಮಗಳ ಊರಿಗೆ ಹೋಗ್ಯಾಳ. ಇಲ್ಲಿ ನಾವಿಬ್ಬರ ಇರೋದು. ಇಬ್ರೂ ಬಂದ್ರ ಕುರಿ ಯಾರು ಕಾಯ್ತಾರ್ರೀ ಅಕ್ಕಾರ? ನೀವು ಕಾಯ್ತೀರೇನು?"

ನಾನು ಹಿಂಡನ್ನು ನೋಡಿದೆ. ಟಗರೊಂದು ನನ್ನನ್ನೇ ನೋಡುತ್ತಿತ್ತು. ಸಿಟ್ಟು ನೆತ್ತಿಗೇರಿತು.

"ಹಂಗಾರ ಕುರೀನೂ ಹೊಡ್ಕೊಂಡು ಬಾ ಯಪ್ಪಾ."

ಸಿಟ್ಟಿನಲ್ಲಿ ಆಡಿದ ಮಾತು. ಅವನು ಮಾತ್ರ ಗಂಭೀರವಾಗಿ ಯೋಚನೆಗೆ ಬಿದ್ದ. "ಈ ಗದ್ದಿ ಕೆಲಸ ನಾಳಿಗೆ ಮುಗೀತದ. ಆದ್ರ ರಾಯಚೂರಾಗ ರಾತ್ರಿ ಎಲ್ಲಿ ಕೂಡಸ್ಲಿ?"

"ಅಲ್ಲಿ ಸರ್ಕಾರಿ ಹಾಸ್ಟೆಲ್ ಹಿಂದ ಬಯಲು ಅದ" ಎಂದುಬಿಟ್ಟೆ. ಕಲ್ಯಾಣಾಧಿಕಾರಿಗಳನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಅದಕ್ಕೇ ಕೇಳಲಿಲ್ಲ.

ಹಾದಿಯುದ್ದಕ್ಕೂ ಮೇಯಿಸುತ್ತ, ಸಂದರ್ಶನದ ಹಿಂದಿನ ಸಂಜೆ ಹಿಂಡು ರಾಯಚೂರು ಮುಟ್ಟಿತು. ಮರುದಿನ ಬೆಳಿಗ್ಗೆ ಅಪ್ಪ ಕುರಿಗಳೊಂದಿಗೆ ಸಂಸ್ಥೆಯ ಗೇಟಿನ ಮುಂದೆ ನಿಂತ. ನಾನು ಹುಡುಗಿಯನ್ನು ಕರೆದುಕೊಂಡು ಒಳಗೆ ಹೋದೆ. ಪ್ರಿನ್ಸಿಪಾಲರು ಅವಳ ಅಂಕ ನೋಡಿದರು, ಒಂದು ಚಿತ್ರ ಬರೆಸಿದರು, ತಲೆದೂಗಿದರು.

"ನಿಮ್ಮ ತಂದಿ ಎಲ್ಲಿ?"

ಹುಡುಗಿ ಕಿಟಕಿಯ ಹೊರಗೆ ಕೈ ತೋರಿಸಿದಳು. "ಅಲ್ಲಿ, ಕಂಬಳಿ ಹೊತ್ಕೊಂಡು ನಿಂತಾರಲ್ರೀ."

"ಒಳಗ ಕರಿ."

"ಅವರು ಒಳಗ ಬಂದ್ರ ಕುರೀನೂ ಬರ್ತಾವ್ರೀ ಸರ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು ತಾವೇ ಎದ್ದರು. ಅವರು ಗೇಟಿಗೆ ಬರುವುದಕ್ಕೂ, ಹಾಸ್ಟೆಲ್ ಬಯಲಿನಿಂದ ಹಿಕ್ಕೆಯ ಜಾಡು ಹಿಡಿದು ಕಲ್ಯಾಣಾಧಿಕಾರಿಗಳು ಅಲ್ಲಿಗೆ ತಲುಪುವುದಕ್ಕೂ ಸರಿಹೋಯಿತು.

"ಯಾರ ಕುರಿ ಇವು? ನಮ್ಮ ಜಾಗದಾಗ ಯಾರು ಬಿಟ್ಟೋರು?"

"ನೀವು ಯಾರ್ರೀ?" ಎಂದರು ಪ್ರಿನ್ಸಿಪಾಲರು.

ಅಷ್ಟರಲ್ಲಿ ಕುರಿಗಳು ಇಬ್ಬರನ್ನೂ ಸುತ್ತುವರಿದಿದ್ದವು. ಯಾವ ಕಡೆ ಕಾಲಿಟ್ಟರೂ ಉಣ್ಣೆ. ನನ್ನ ಜನ್ಮದಲ್ಲಿ ಇಂಥ ಅವಕಾಶ ಮತ್ತೆ ಸಿಗುವುದಿಲ್ಲವೆಂದು ನಾನು ಬಾಯಿ ತೆರೆದೆ. "ಸರ, ಇವರು ಹಾಸ್ಟೆಲಿನಾಗ ಜಾಗ ಕೊಡೋರು. ಇವರು ಸೀಟು ಕೊಡೋರು. ಇಬ್ರೂ ಇಲ್ಲೇ ಇದ್ದೀರಿ. ಮೊದಲ ಯಾರು ಕೊಡ್ತೀರಿ ಅನ್ನೋದನ್ನ ಈಗ ನೀವ ನೀವ ಮಾತಾಡ್ಕೊಳ್ರಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಪ್ಪ ವಿನಯದಿಂದ ಹೇಳಿದ, "ಲಗೂ ಮುಗಸ್ರಿ ಸಾಹೇಬ್ರ, ಬಿಸಲು ಏರಾಕತ್ತದ. ಇವು ಇನ್ನೂ ನೀರು ಕುಡದಿಲ್ಲ."

ಮೊದಲು ನಕ್ಕವರು ಪ್ರಿನ್ಸಿಪಾಲರು. ಗೇಟಿನ ಕಂಬದ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಕಲ್ಯಾಣಾಧಿಕಾರಿಗಳು ಗೊಣಗುತ್ತಲೇ ಅವರ ಪೆನ್ನನ್ನೇ ಇಸಿದುಕೊಂಡು ತಾವೂ ಹಾಕಿದರು. ಅಪ್ಪ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಪಕ್ಕದ ಕುರಿಯ ಬೆನ್ನಿಗೆ ಒರೆಸಿದ. ಹುಡುಗಿ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ನೌಕರಿಗೆ ಸೇರಿದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಆ ತರಗತಿಗೆ ಅವಳೊಬ್ಬಳೇ ಹುಡುಗಿ. ಕಲಿತು ಮುಗಿಸಿ ಕಾಲುವೆ ಕಚೇರಿಯಲ್ಲೇ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಳು.

ಆದರೆ ನನ್ನ ನಿಜವಾದ ಗೆಲುವು ನಿಂತಿದ್ದು ಆ ಸಂದರ್ಶನದ ಮರುವರ್ಷ, ಬೇಸಿಗೆಯ ಕೊನೆಗೆ, ದೇವದುರ್ಗದ ನಮ್ಮ ಬಾಗಿಲಲ್ಲೇ. ಬೆಳಿಗ್ಗೆ ಎದ್ದು ನೋಡಿದರೆ ರಸ್ತೆ ತುಂಬ ಕುರಿ. ಬೇರೊಬ್ಬ ಕುರಿಗಾರ ಆಗಷ್ಟೇ ಹತ್ತನೆಯ ತರಗತಿ ಪಾಸಾದ ಮಗಳ ಕೈ ಹಿಡಿದುಕೊಂಡು ನಿಂತಿದ್ದ.

"ಹುಡುಗಿಗೆ ರಾಯಚೂರಾಗ ಸೀಟು ಬೇಕಾಗ್ಯದ್ರೀ ಅಕ್ಕಾರ."

"ಅದಕ್ಕ ಕುರಿ ಯಾಕ ತಂದಿ?"

"ಕುರಿ ಒಯ್ಯದಿದ್ರ ಸಾಹೇಬ್ರು ಸಹಿ ಹಾಕಾಂಗಿಲ್ಲ ಅಂತ ನಮ್ಮ ಮಂದಿ ಎಲ್ಲಾ ಅನ್ನಾಕತ್ತಾರ."

ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬೇಡ ಯಪ್ಪಾ ಎಂದು ಹೇಳಲು ಹೊರಟವಳು ತಡೆದುಕೊಂಡೆ. ಆ ಇಬ್ಬರು ಅಧಿಕಾರಿಗಳಿಗೂ ಆಗಲೇ ವರ್ಗವಾಗಿತ್ತು. ಹೊಸದಾಗಿ ಬಂದವರು ಹೇಗೋ ಏನೋ.

"ನಿಮ್ಮ ಮಂದಿ ಅಂದದ್ದು ಖರೇನ ಅದ" ಎಂದೆ. "ಹೊಡ್ಕೊಂಡು ನಡಿ, ನಾ ಬಸ್ಸಿಗೆ ಬರ್ತೀನಿ."